‘ಅಳಿದುಳಿದ’ ಬರೆಯುವ ಮೊದಲು: ಒಂದು ಪದವನ್ನು ಬಳಸುವ ಬಗೆ

ಕೆಲವು ವರ್ಷದ ಹಿಂದಿನ ಮಾತು. ಕಲಬುರಗಿಯಲ್ಲಿ ನಾನು ಕರಡು ತಿದ್ದುವ ಡಿಟಿಪಿ ಅಂಗಡಿಗೆ ಒಂದು ಬಡಾವಣೆ ಸಂಘದ ನೋಟಿಸು ಬಂತು. ‘ಅಳಿದುಳಿದ ಸದಸ್ಯರು ಈ ತಿಂಗಳೊಳಗಾಗಿ ವಂತಿಗೆ ತುಂಬತಕ್ಕದ್ದು’ ಎಂದಿತ್ತು. ಕಾಗುಣಿತ ಸರಿ, ಒತ್ತಕ್ಷರ ಸರಿ, ಮೂಲೆಗೆ ಟಿಕ್ ಹಾಕಿ ಕಳಿಸಿಬಿಟ್ಟೆ. ಎರಡು ದಿನಕ್ಕೆ ಒಬ್ಬ ನಿವೃತ್ತ ಮಾಸ್ತರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬಂದರು. ಕುರ್ಚಿ ಎಳೆದು ಕೂತು, ಕನ್ನಡಕ ಹಣೆಗೇರಿಸಿ, “ಉಳದೋರು ನಾವು ಇದ್ದೀವಿ, ಖರೇ. ಅಳದೋರ ಪಟ್ಟಿ ಎಲ್ಲದ ಹೇಳು, ಅವರ ಮನಿಗಿ ಹೋಗಿ ಮಾತಾಡ್ಸಿ ಬರ್ತೀನಿ” ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಮಾತ್ರ ಚಹಾ ತರಿಸಿದೆ.

ಆವತ್ತಿನಿಂದ ಈ ಪದ ಕಣ್ಣಿಗೆ ಬಿದ್ದಾಗಲೆಲ್ಲ ಪೆನ್ನು ತಾನಾಗಿ ನಿಲ್ಲುತ್ತದೆ. ನೋಟಿಸು, ವರದಿ, ಮಕ್ಕಳ ಪ್ರಬಂಧ, ಏನೇ ಬರೆಯುವವರಿದ್ದರೂ ನಿಮಗೂ ಉಪಯೋಗವಾದೀತು ಎಂದು, ನಾನು ಪಾಲಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪದವನ್ನು ಬಿಡಿಸಿ

ಅಳಿದು + ಉಳಿದ. ಮೊದಲ ಪದದ ಕೊನೆಯ ಉಕಾರ ಬಿದ್ದು ಎರಡನೆಯದರ ಉಕಾರ ನಿಂತಿದೆ, ಅಂದರೆ ಲೋಪಸಂಧಿ. ‘ಅಳಿ’ ಎಂದರೆ ನಾಶವಾಗು, ಇಲ್ಲವಾಗು. ಹಳಗನ್ನಡದಲ್ಲಿ ಇದು ರಳ ಇರುವ ‘ಅೞಿ’. ಆ ಅಕ್ಷರವೇ ಅಳಿದುಹೋದ ಮೇಲೆ ಈಗ ಸಾದಾ ಳಕಾರದಲ್ಲಿ ಬರೆಯುತ್ತೇವೆ. ‘ಅಳಿವಿನಂಚು’, ‘ಅಳಿವು-ಉಳಿವು’ ಎನ್ನುವಾಗ ಇರುವುದು ಇದೇ ಅಳಿ. ಹಲಗೆಯ ಮೇಲಿನ ಲೆಕ್ಕ ಅಳಿಸುವುದೂ ಇದರದೇ ಇನ್ನೊಂದು ರೂಪ. ‘ಉಳಿ’ಯನ್ನು ವಿವರಿಸಬೇಕಿಲ್ಲ.

ಇಲ್ಲೊಂದು ಸೋಜಿಗವಿದೆ. ಕನ್ನಡದಲ್ಲಿ ‘ಬಂದು ಕುಳಿತ’ ಎಂದರೆ ಬಂದವನೂ ಕುಳಿತವನೂ ಒಬ್ಬನೇ. ಹಾಗಾದರೆ ಅಳಿದದ್ದೇ ಉಳಿಯುವುದು ಹೇಗೆ? ಈ ಪದ ಚೂರನ್ನು ನೋಡಿ ಹುಟ್ಟಿದ್ದಲ್ಲ, ಇಡಿಯನ್ನು ನೋಡಿ ಹುಟ್ಟಿದ್ದು. ಒಂದು ಕೋಟೆ ಇತ್ತು. ಅದು ಬಹುಪಾಲು ಅಳಿಯಿತು. ಅದೇ ಕೋಟೆ ಸ್ವಲ್ಪಪಾಲು ಉಳಿಯಿತು. ಅಳಿದದ್ದೂ ಕೋಟೆಯೇ, ಉಳಿದದ್ದೂ ಕೋಟೆಯೇ. ಆದ್ದರಿಂದ ‘ಅಳಿದುಳಿದ’ ಎಂದು ಬರೆದ ಕೂಡಲೇ ಓದುಗನ ಕಣ್ಣ ಮುಂದೆ ಇಲ್ಲದ ಭಾಗವೂ ಬಂದು ನಿಲ್ಲುತ್ತದೆ. ಬರೀ ‘ಉಳಿದ’ ಎಂಬುದಕ್ಕೆ ಆ ಶಕ್ತಿ ಇಲ್ಲ. ಮಾಸ್ತರಿಗೆ ಸಿಟ್ಟು ಬಂದದ್ದು ಇದಕ್ಕೇ. ವಂತಿಗೆ ತುಂಬಿದವರನ್ನೆಲ್ಲ ನಾನು ಒಂದೇ ಸಾಲಿನಲ್ಲಿ ಸಾಯಿಸಿಬಿಟ್ಟಿದ್ದೆ.

ಕಾಗುಣಿತ ನೋಡಿಕೊಳ್ಳಿ

ಇದು ಬೇಗ ಮುಗಿಯುವ ಕೆಲಸ. ‘ಅಳೆದುಳಿದ’ ಎಂದು ಬರೆದರೆ ಗಜಕಡ್ಡಿ ಹಿಡಿದು ಅಳತೆ ಮಾಡಿದಂತಾಗುತ್ತದೆ. ಬಟ್ಟೆ ಅಂಗಡಿಯ ತುಂಡಿಗೆ ಬೇಕಾದರೆ ಹೊಂದೀತು. ‘ಆಳಿದುಳಿದ’ ಎಂದು ದೀರ್ಘ ಕೊಟ್ಟರೆ ರಾಜ್ಯ ಆಳಿದವರ ಮಾತಾಗುತ್ತದೆ. ‘ಬಹಮನಿಗಳು ಆಳಿದ ಊರಿನ ಅಳಿದುಳಿದ ಗೋಡೆ’ ಎಂದು ಒಮ್ಮೆ ಬರೆದು ನೋಡಿ, ಎರಡರ ನಡುವಿನ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ‘ಅಳಿದು ಉಳಿದ’ ಎಂದು ಬಿಡಿಸಿ ಬರೆದರೆ ತಪ್ಪಲ್ಲ, ಆದರೆ ಓದುವವನು ನಡುವೆ ಎಡವುತ್ತಾನೆ. ಕೂಡಿಸಿಯೇ ಬರೆಯಿರಿ.

ಆಮೇಲೆ ಒಂದೇ ಪ್ರಶ್ನೆ: ಅಳಿದದ್ದು ಏನು?

ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಬಂದರೆ ಪದ ಬಳಸಿ, ಬರದಿದ್ದರೆ ಬಿಡಿ. ನಮ್ಮ ಸುತ್ತಮುತ್ತ ಇದನ್ನು ಕಲಿಯುವುದಕ್ಕೆ ಪುಸ್ತಕ ಬೇಕಾಗಿಲ್ಲ, ಒಂದು ಸುತ್ತು ತಿರುಗಿದರೆ ಸಾಕು.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಅದು, ಅಮೋಘವರ್ಷ ನೃಪತುಂಗ ಆಳಿದ ಊರು. ಈಗ ಕಾಗಿಣಾ ದಂಡೆಯಲ್ಲಿ ಕಾಣುವುದು ಕೋಟೆಯ ಗೋಡೆ, ಬುರುಜು, ಅಷ್ಟಿಷ್ಟು. ಅಳಿದದ್ದು ಏನು? ಒಂದು ರಾಜಧಾನಿ. ಹಾಗಾಗಿ ‘ಮಳಖೇಡದ ಅಳಿದುಳಿದ ಗೋಡೆಗಳು’ ಎಂದು ಧೈರ್ಯವಾಗಿ ಬರೆಯಬಹುದು.

ಈಗ ಕಲಬುರಗಿ ಕೋಟೆಯೊಳಗೆ ಬನ್ನಿ. ಅಲ್ಲಿನ ಜಾಮಿ ಮಸೀದಿ 1367ರದು. ನಡುವೆ ಬಯಲು ಅಂಗಳವಿಲ್ಲದೆ ಪೂರ್ತಿ ಚಾವಣಿಯ ಕೆಳಗೇ ಇರುವ ಕಟ್ಟಡ, ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಆರೂವರೆ ಶತಮಾನ ದಾಟಿ ನಿಂತಿದೆ. ಒಬ್ಬ ವಿದ್ಯಾರ್ಥಿ ಪ್ರವಾಸದ ಪ್ರಬಂಧದಲ್ಲಿ ಅದನ್ನು ‘ಅಳಿದುಳಿದ ಮಸೀದಿ’ ಎಂದು ಬರೆದಿದ್ದ. ಹಳೆಯದೆಲ್ಲ ಅಳಿದುಳಿದದ್ದೇ ಎಂಬ ಲೆಕ್ಕ ಅವನದು. ಮಸೀದಿ ಅಳಿದಿಲ್ಲ, ಬರೀ ಉಳಿದಿದೆ. ಸುತ್ತಲಿನ ಕೋಟೆಯೊಳಗಿನ ಊರಿನಲ್ಲಿ ಬಹಳಷ್ಟು ಹೋಗಿದೆ, ನಿಜ. ಅದನ್ನು ಹೇಳಬೇಕಿದ್ದರೆ ‘ಕೋಟೆಯೊಳಗಿನ ಅಳಿದುಳಿದ ಕಟ್ಟಡಗಳಲ್ಲಿ ಜಾಮಿ ಮಸೀದಿಯೂ ಒಂದು’ ಎನ್ನಬೇಕು. ಆಗ ಅಳಿದದ್ದರ ಲೆಕ್ಕ ಕಟ್ಟಡಗಳ ಗುಂಪಿಗೆ ಸೇರುತ್ತದೆ, ಮಸೀದಿಯ ಮೈಗೆ ಅಂಟುವುದಿಲ್ಲ. ಏಕವಚನ ಬಹುವಚನದ ಇಷ್ಟು ಸಣ್ಣ ಬದಲಾವಣೆಯಲ್ಲಿ ಅರ್ಥ ಎಷ್ಟು ದೂರ ಜರುಗಿತು ನೋಡಿ.

ಬೀದರಿನ ಮಹಮೂದ್ ಗವಾನ್ ಮದರಸಾ ಇವೆರಡರ ನಡುವಿನದು. 1472ರಲ್ಲಿ ಕಟ್ಟಿದ್ದು, ಹದಿನೇಳನೆಯ ಶತಮಾನದ ಕೊನೆಗೆ ಒಳಗೆ ಕೂಡಿಟ್ಟ ಮದ್ದು ಸಿಡಿದು ಒಂದು ಪಾಲು ಕುಸಿಯಿತು, ಎರಡು ಮಿನಾರಗಳಲ್ಲಿ ಒಂದು ನಿಂತಿತು. ‘ಅಳಿದುಳಿದ ಮದರಸಾ’ ಎಂದರೆ ಹೆಚ್ಚಾಯಿತು ಅನಿಸುತ್ತದೆ ನನಗೆ, ಕಟ್ಟಡದ ಬಹುಭಾಗ ಇದೆಯಲ್ಲ. ಆದರೆ ಮುಂಗೋಡೆಯ ಬಣ್ಣದ ಬಿಲ್ಲೆಗಳನ್ನು ನೋಡಿ. ಒಂದು ಕಾಲಕ್ಕೆ ಗೋಡೆ ತುಂಬ ಹೊದಿಸಿದ್ದ ನೀಲಿ, ಹಸಿರು, ಬಿಳಿ ಹೆಂಚುಗಳು ಈಗ ಅಲ್ಲೊಂದು ಪಟ್ಟಿ, ಇಲ್ಲೊಂದು ತೇಪೆ. ‘ಅಳಿದುಳಿದ ಬಿಲ್ಲೆಗಳು’ ಎನ್ನುವುದಕ್ಕೆ ಅದಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ. ಹೋದದ್ದು ಹೆಚ್ಚು, ಇರುವುದು ಕಡಿಮೆ: ಈ ಅಳತೆ ನೆನಪಿಟ್ಟುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಈ ಪದ ಬೇಡ.

ಸನ್ನತಿಯದು ನನಗೆ ಇನ್ನೂ ಇಷ್ಟವಾದ ಉದಾಹರಣೆ. ಭೀಮಾ ದಂಡೆಯ ಈ ಊರಿನಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ ಪ್ರಾಕೃತ ಶಾಸನ. ಯಾವುದೋ ಕಾಲದಲ್ಲಿ ಮೂರ್ತಿ ಕೂರಿಸಲು ಆ ಕಲ್ಲಿನ ನಡುವೆ ಕೊರೆದಿದ್ದರು, ಅಷ್ಟು ಜಾಗದ ಅಕ್ಷರ ಹೋಯಿತು. ಇಲ್ಲಿ ‘ಅಳಿದುಳಿದ ಅಕ್ಷರಗಳು’ ಎಂದಾಗ ಅಳಿಯುವುದು, ಅಳಿಸುವುದು ಎರಡೂ ಒಂದೇ ಪದದೊಳಗೆ ಕೂತಿರುತ್ತವೆ. ಪಂಡಿತರು ಓದುವುದು ಉಳಿದದ್ದನ್ನು, ತಲೆಕೆಡಿಸಿಕೊಳ್ಳುವುದು ಅಳಿದದ್ದರ ಬಗ್ಗೆ.

ವಾಕ್ಯದಲ್ಲಿ ಎಲ್ಲಿ ಕೂರಿಸುವುದು

ಇದು ನಾಮಪದಕ್ಕಿಂತ ಮೊದಲು ಬರುವ ಪದ: ಅಳಿದುಳಿದ ಮರ, ಅಳಿದುಳಿದ ಆಸೆ. ಸ್ವತಂತ್ರವಾಗಿ ನಿಲ್ಲಬೇಕಿದ್ದರೆ ಅಳಿದುಳಿದದ್ದು, ಅಳಿದುಳಿದವು, ಅಳಿದುಳಿದವರು. ಇಷ್ಟರಾಚೆ ಎಳೆಯಬೇಡಿ. ‘ಗೋಡೆ ಅಳಿದುಳಿದಿದೆ’ ಎಂದು ಕ್ರಿಯಾಪದ ಮಾಡಿದರೆ ಕಿವಿಗೆ ಕಸಿವಿಸಿ. ‘ಅಳಿದುಳಿಯುವ’, ‘ಅಳಿದುಳಿಯದ’ ಎಂಬವು ವ್ಯಾಕರಣದ ಪ್ರಕಾರ ಆಗಬಹುದು, ಆದರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಆಗಿಹೋದದ್ದರ ಮಾತು ಇದು, ಆದ್ದರಿಂದ ಭೂತಕಾಲ ಬಿಟ್ಟು ಕದಲುವುದಿಲ್ಲ.

ಕರಡು ತಿದ್ದಿ ತಿದ್ದಿ ನಾನು ಕಂಡುಕೊಂಡ ಇನ್ನೊಂದು ಸಂಗತಿ: ಈ ಪದ ಬಂದ ವಾಕ್ಯ ಎರಡೇ ದಾರಿ ಹಿಡಿಯುತ್ತದೆ. ಒಂದೋ ಉಳಿದದ್ದೂ ಹೋಗುತ್ತದೆ: ‘ನೆಟೆ ರೋಗಕ್ಕೆ ಹೋಗಿ ಅಳಿದುಳಿದ ತೊಗರಿಯೂ ಅಕಾಲ ಮಳೆಗೆ ಸಿಕ್ಕಿತು’, ‘ಅಳಿದುಳಿದ ಮರ್ಯಾದೆನೂ ಕಳಕೊಂಡ’. ಇಲ್ಲವೇ ಉಳಿದದ್ದನ್ನು ಯಾರೋ ಕಾಯುತ್ತಾರೆ, ಕೂಡಿಸುತ್ತಾರೆ: ‘ಅಳಿದುಳಿದ ಕೆರೆಗಳನ್ನಾದರೂ ಉಳಿಸಿಕೊಳ್ಳಬೇಕು’. ಮೊದಲ ದಾರಿಯಲ್ಲಿ ‘-ಊ’, ಎರಡನೆಯದರಲ್ಲಿ ‘-ಆದರೂ’ ತಾವಾಗಿ ಬಂದು ಅಂಟುತ್ತವೆ. ನಿಮ್ಮ ವಾಕ್ಯದಲ್ಲಿ ಇವೆರಡೂ ಹೊಂದುವುದಿಲ್ಲ ಎಂದಾದರೆ ಪದವೇ ಹೊಂದಿಲ್ಲವೇನೋ, ಇನ್ನೊಮ್ಮೆ ನೋಡಿ.

‘ಅಳಿದುಳಿದ ಅವಶೇಷಗಳು’ ಎಂದು ಅಚ್ಚಿನಲ್ಲಿ ಆಗಾಗ ಕಾಣುತ್ತದೆ. ಅವಶೇಷ ಎಂದರೇ ಅಳಿದುಳಿದದ್ದು. ಎರಡರಲ್ಲಿ ಒಂದನ್ನು ನಾನು ಹೊಡೆದು ಹಾಕುತ್ತೇನೆ. ಕೆಲವು ಲೇಖಕರು ಮತ್ತೆ ಸೇರಿಸಿ ಕಳಿಸುತ್ತಾರೆ. ಅವರ ದುಡ್ಡು, ಅವರ ಪುಸ್ತಕ.

ಬೇರೆ ಪದ ಬೇಕಾದಾಗ ಯಾವುದು

ಇಲ್ಲಿ ನಿಧಾನ ಮಾಡಬೇಕು. ಉಳಿದದ್ದಕ್ಕೆ ಕನ್ನಡದಲ್ಲಿ ಒಂದೊಂದು ಮನೆಗೆ ಒಂದೊಂದು ಹೆಸರು.

ದುಡ್ಡಿನ ಮಾತಿಗೆ ‘ಬಾಕಿ’. ನಿಜಾಮರ ಕಾಲದ ಕಚೇರಿ ಉರ್ದುವಿನಿಂದ ನಮ್ಮ ಕಡೆ ಗಟ್ಟಿಯಾಗಿ ಕೂತ ಪದ, ಮೂಲ ಅರಬ್ಬಿ. ಬಾಕಿ ಎಂದರೆ ಹೆಚ್ಚಾಗಿ ಕೊಡಬೇಕಾದ ಹಣ, ಆದರೆ ಕಲಬುರಗಿಯಲ್ಲಿ “ಬಾಕಿ ಮಂದಿ ಎಲ್ಲಿ ಹೋದ್ರು?” ಎಂದೂ ಕೇಳುತ್ತೇವೆ, ಅಲ್ಲಿ ಅದು ‘ಉಳಿದ’ ಎಂಬುದರ ಜಾಗದಲ್ಲಿದೆ. ಮಾಸ್ತರು ನೋಟಿಸಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟ ಸಾಲು ಇದು: ‘ವಂತಿಗೆ ಬಾಕಿ ಇರುವ ಸದಸ್ಯರು ಈ ತಿಂಗಳೊಳಗೆ ತುಂಬಬೇಕು.’ ಒಂದೂ ಜೀವಹಾನಿ ಇಲ್ಲ. ಕೈಯಲ್ಲಿ ಉಳಿದ ನಗದಿಗೆ ‘ಶಿಲ್ಕು’: ಲೆಕ್ಕದ ಪುಸ್ತಕದಲ್ಲಿ ಆರಂಭ ಶಿಲ್ಕು, ಅಖೈರು ಶಿಲ್ಕು. ಬಾಕಿ ಇನ್ನೊಬ್ಬರ ಹತ್ತಿರ ಇರುತ್ತದೆ, ಶಿಲ್ಕು ನಮ್ಮ ಪೆಟ್ಟಿಗೆಯಲ್ಲಿ. ಭಾಗಾಕಾರದಲ್ಲಿ ಉಳಿದದ್ದು ‘ಶೇಷ’: 100ನ್ನು 7ರಿಂದ ಭಾಗಿಸಿದರೆ ಭಾಗಲಬ್ಧ 14, ಶೇಷ 2. ಆ ಎರಡನ್ನು ‘ಅಳಿದುಳಿದ ಎರಡು’ ಎಂದರೆ ಲೆಕ್ಕದ ಮಾಸ್ತರೂ ಅಂಗಡಿಗೆ ಬಂದಾರು.

‘ಮಿಕ್ಕ’ ಎಂಬುದು ಮಿಗು ಧಾತುವಿನಿಂದ ಬಂದದ್ದು. ಅದರಲ್ಲಿ ಹೆಚ್ಚಾಗಿ ಉಳಿಯಿತು ಎಂಬ ಸಮೃದ್ಧಿ ಇದೆ. ಉಂಡು ಮಿಕ್ಕಿದ್ದು ಎಂದರೆ ಹೊಟ್ಟೆ ತುಂಬಿದ ಮೇಲಿನದು. ಅಳಿದುಳಿದದ್ದರಲ್ಲಿ ಕೊರತೆ, ಮಿಕ್ಕಿದ್ದರಲ್ಲಿ ಹೆಚ್ಚಳ. ಇವೆರಡನ್ನು ಅದಲುಬದಲು ಮಾಡಿದರೆ ಮದುವೆ ಊಟ ಬರಗಾಲದ ಊಟವಾಗುತ್ತದೆ.

ಅಡುಗೆಮನೆಗೆ ಬಂದರೆ ವಿಷಯ ಇನ್ನೂ ಸೂಕ್ಷ್ಮ. ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನೇ ತಗೊಳ್ಳಿ, ಕಾಳು, ತರಕಾರಿ ಎಲ್ಲ ಕೂಡಿಸಿ ಮಾಡುವ ಪಲ್ಯ ಅದು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಜೋಡಿ ಎಲ್ಲರೂ ಉಂಡು, ಮನೆಗೆ ಬಂದ ಮೇಲೂ ಪಾತ್ರೆ ತಳದಲ್ಲಿ ಇರುತ್ತದೆ. ಆ ರಾತ್ರಿ ಅದು ‘ಉಳಿದ ಭಜ್ಜಿ’. ಮರುದಿನ ಬೆಳಿಗ್ಗೆ ‘ತಂಗಳ ಭಜ್ಜಿ’, ರುಚಿ ಮೊದಲ ದಿನಕ್ಕಿಂತ ಒಂದು ಕೈ ಮೇಲೆ ಎಂದು ಹೇಳುವವರು ನಮ್ಮ ಮನೆಯಲ್ಲೇ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ತಾಟಿಗೆ ಹಾಕಿಕೊಂಡು ಒಂದು ತುತ್ತು ತಿಂದು ಎದ್ದರೆ ತಾಟಿನಲ್ಲಿ ಇರುವುದು ‘ಎಂಜಲು’. ಇಲ್ಲಿ ಪ್ರಮಾಣ ಮುಖ್ಯವಲ್ಲ. ತಾಟು ತುಂಬ ಇದ್ದರೂ ಬಾಯಿ ಸೋಕಿತೆಂದರೆ ಎಂಜಲು, ಒಂದೇ ತುತ್ತು ಇದ್ದರೂ ಸೋಕಿಲ್ಲವೆಂದರೆ ಅಲ್ಲ. ಭಾಂಡೆ ತಿಕ್ಕುವಾಗ ಬಚ್ಚಲಿಗೆ ಬರುವುದು ‘ಮುಸುರಿ’. ಹಾಗಾದರೆ ‘ಅಳಿದುಳಿದ ಭಜ್ಜಿ’ ಯಾವಾಗ? ಮುಚ್ಚಳ ಸರಿಸಿ ಬೆಕ್ಕು ಬಹುಪಾಲು ಮುಗಿಸಿದ್ದರೆ. ಆದರೆ ಆಗ ಅದು ಎಂಜಲೂ ಹೌದು, ಯಾವ ಹೆಸರಿಟ್ಟರೂ ಯಾರೂ ತಿನ್ನುವುದಿಲ್ಲ.

ಗುಡಿಯಲ್ಲಿ ದೇವರಿಗೆ ಎಡೆ ತೋರಿಸಿ ಉಳಿದದ್ದಕ್ಕೆ ಇವ್ಯಾವೂ ಸಲ್ಲವು. ಅದು ‘ಪ್ರಸಾದ’. ಶರಣಬಸವೇಶ್ವರರ ದಾಸೋಹದ ಪಂಕ್ತಿಯಲ್ಲಿ ಕೊನೆಗೆ ಕೂತವನಿಗೂ ಸಿಗುವುದು ಪ್ರಸಾದವೇ ಹೊರತು ಉಳಿದ ಅನ್ನವಲ್ಲ. ಹಾಗೆಯೇ ಸತ್ತವರ ದೇಹಕ್ಕೆ ‘ಪಾರ್ಥಿವ ಶರೀರ’, ದಹನದ ನಂತರ ‘ಅಸ್ಥಿ’. ‘ಅಳಿದುಳಿದ ದೇಹ’ ಎಂದು ಒಂದು ಶ್ರದ್ಧಾಂಜಲಿ ಕರಡಿನಲ್ಲಿ ಬಂದಿತ್ತು. ಅದನ್ನು ಮಾತ್ರ ಹೊತ್ತಿಗೆ ಸರಿಯಾಗಿ ಹಿಡಿದೆ. ಜನರ ಬಗ್ಗೆ ‘ಅಳಿದುಳಿದವರು’ ಎನ್ನುವುದು ಯುದ್ಧ, ಪಿಡುಗು, ನೆರೆಯಂಥ ಸಂದರ್ಭಕ್ಕೆ ಮೀಸಲಿರಲಿ.

ಹೊಲದ ಮಾತಿಗೆ ಬರೋಣ, ಇದನ್ನು ಕೊನೆಗೆ ಬೇಕೆಂದೇ ಉಳಿಸಿಕೊಂಡೆ. ಜೋಳ ಕೊಯ್ದ ಮೇಲೆ ನೆಲದಲ್ಲಿ ನಿಂತ ಮೊಳೆಯಂಥ ಬುಡ ‘ಕೂಳಿ’, ಗ್ರಂಥದ ಕನ್ನಡದಲ್ಲಿ ‘ಕೂಳೆ’. ಬರಿಗಾಲಲ್ಲಿ ತುಳಿದವರಿಗೆ ಅರ್ಥ ಹೇಳಬೇಕಿಲ್ಲ. ತೆನೆ ಮುರಿದ ಒಣ ದಂಟು ‘ಕಣಿಕಿ’, ಅದು ದನದ ಮೇವು. ತೊಗರಿ ಬೇಳೆ ಮಾಡಿದಾಗ ಉಳಿಯುವುದು ‘ಹೊಟ್ಟು’ ಮತ್ತು ‘ಚುನ್ನಿ’. ಇವೆಲ್ಲ ಉಳಿಕೆಗಳು, ಆದರೆ ಪ್ರತಿಯೊಂದಕ್ಕೂ ಕೆಲಸವಿದೆ, ಬೆಲೆಯಿದೆ.

ಇವುಗಳ ನಡುವೆ ಒಂದು ಪದ ಬೇರೆಯೇ ತೂಕದ್ದು: ‘ಹಕ್ಕಲು’. ಕೊಯ್ಲು ಮುಗಿದು, ಗೂಡು ಹಾಕಿ, ಮಾಲಕರು ಮನೆಗೆ ಹೋದ ಮೇಲೆ ಹೊಲದಲ್ಲಿ ಕಣ್ತಪ್ಪಿ ಬಿದ್ದ ತೆನೆ, ಕಾಯಿ, ಕಾಳು. ಅದನ್ನು ಆರಿಸುವುದು ಹಕ್ಕಲಾಯುವುದು. ನಾನು ಸಣ್ಣವನಿದ್ದಾಗ ನಮ್ಮ ಹೊಲಕ್ಕೂ ಹೆಂಗಸರು ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸುತ್ತಿ ಅದರಲ್ಲೇ ಉಡಿ ಮಾಡಿಕೊಂಡು, ಬಗ್ಗಿದ ನಡು ನೆಟ್ಟಗೆ ಮಾಡದೆ ಸಾಲು ಸಾಲು ಹಿಡಿದು ಬರುವರು. ಬೆರಳುಗಳು ಎರೆಮಣ್ಣಿನ ಬಿರುಕಿನೊಳಗೆ ಹೋಗಿ ಒಂದು ಕಾಳು ಹಿಡಿದು ಹೊರಬರುತ್ತಿದ್ದವು. “ಹಕ್ಕಲ ಆರ್ಸ್ಲತ್ತೀವ್ರೀ” ಎನ್ನುವರು, ಕೇಳಿದವರಿಗೆ ಅಷ್ಟು ಹೇಳಿದರೆ ಸಾಕು, ಯಾರೂ ಬೇಡ ಎನ್ನುತ್ತಿರಲಿಲ್ಲ. ಅದು ಭಿಕ್ಷೆಯಲ್ಲ, ಕಳವೂ ಅಲ್ಲ. ಬಾಯಿಮಾತಿನಲ್ಲೇ ಇದ್ದ, ಯಾರೂ ಬರೆದಿಡದ ಒಂದು ಹಕ್ಕು. ‘ಹೊಲದಲ್ಲಿ ಅಳಿದುಳಿದ ತೊಗರಿ ಆರಿಸಿದರು’ ಎಂದು ಬರೆದರೆ ಬೆಳೆ ಹಾಳಾಗಿತ್ತು ಎಂದಾಗುತ್ತದೆ; ‘ಹಕ್ಕಲಾಯ್ದರು’ ಎಂದರೆ ಬೆಳೆ ಚೆನ್ನಾಗಿಯೇ ಬಂದಿತ್ತು, ಕೊಯ್ದು ಹೋಗಿತ್ತು ಎಂದು ಗೊತ್ತಾಗುತ್ತದೆ. ಈಗ ಯಂತ್ರದ ಕೊಯ್ಲು ಬಂದ ಮೇಲೆ ಹುಡುಗರಿಗೆ ಈ ಪದವೇ ಗೊತ್ತಿಲ್ಲ. ಸಿಕ್ಕಾಗ ಬಳಸಿ.

ಇನ್ನು ಕೈ ಪಳಗಿಸಿಕೊಳ್ಳಿ

ನಾಲ್ಕು ವಾಕ್ಯ ಕೊಡುತ್ತೇನೆ, ನನ್ನ ಉತ್ತರ ಓದುವ ಮೊದಲು ಕೇಳಿಕೊಳ್ಳಿ: ಅಳಿದದ್ದು ಏನು?

‘ಅಳಿದುಳಿದ ಪ್ರಶ್ನೆಗಳಿಗೆ ನಾಳೆ ಉತ್ತರಿಸುತ್ತೇನೆ.’ ಯಾವ ಪ್ರಶ್ನೆಯೂ ಸತ್ತಿಲ್ಲ. ‘ಉಳಿದ’ ಸಾಕು.

‘ಭೀಮಾ ಹೊಳೆ ಇಳಿದ ಮೇಲೆ ಅಳಿದುಳಿದ ಸಾಮಾನು ಹುಡುಕಿದರು.’ ಸರಿ. ಹೊಳೆ ಏನು ಒಯ್ದಿತು ಎಂದು ಹೇಳಬೇಕಾಗಿಯೇ ಇಲ್ಲ.

‘ಅಳಿದುಳಿದ ಸೀಟುಗಳಿಗೆ ಪ್ರವೇಶ ಆರಂಭ.’ ‘ಖಾಲಿ ಇರುವ’ ಎನ್ನಿ. ಕಾಲೇಜಿನವರು ಕೇಳುವುದಿಲ್ಲ, ಆದರೂ ಎನ್ನಿ.

ನಾಲ್ಕನೆಯದು ಸ್ವಲ್ಪ ತಲೆ ತಿನ್ನುತ್ತದೆ: ‘ನಗರದಲ್ಲಿ ಅಳಿದುಳಿದ ಗುಲ್ಬರ್ಗಾ.’ 2014ರ ನವೆಂಬರ್ 1ರಂದು ಊರಿಗೆ ಅಧಿಕೃತವಾಗಿ ಕಲಬುರಗಿ ಎಂದಾಯಿತು. ವಿಶ್ವವಿದ್ಯಾಲಯದ ಹೆಸರಿನಲ್ಲಿ ಗುಲ್ಬರ್ಗಾ ಹಾಗೇ ಇದೆ, 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ತೊಗರಿ ಬೇಳೆಯೂ ಗುಲ್ಬರ್ಗಾ ಹೆಸರಿನದೇ. ಅಲ್ಲೆಲ್ಲ ಅದು ಇಡಿಯಾಗಿ ಉಳಿದಿದೆ, ಅಳಿದುಳಿದದ್ದಲ್ಲ. ಆದರೆ ನಮ್ಮ ಅಂಗಡಿ ಎದುರಿನ ಹಳೇ ಬೋರ್ಡೊಂದರಲ್ಲಿ ಬಿಸಿಲಿಗೆ ಬಣ್ಣ ಹೋಗಿ ‘ಗುಲ್’ ಕಾಣುವುದಿಲ್ಲ, ‘ಬರ್ಗಾ’ ಮಾತ್ರ ಇದೆ. ಆ ಬೋರ್ಡಿನ ಮಟ್ಟಿಗೆ ನಾಲ್ಕನೆಯ ವಾಕ್ಯಕ್ಕೆ ನಾನು ಟಿಕ್ ಹಾಕುತ್ತೇನೆ.